ಮನೆಯಲ್ಲೇ ಬೆಚ್ಚನೆಯ ಕುಲಾವಿ ಹೆಣೆಯಬೇಕು, ಯಾವ ಉಲ್ಲನ್ ತಗೊಳ್ಳಲಿ?

ತುಮಕೂರಿನ ಸೊಸೆ:
ಅತ್ತೆ ಮೇ ತಿಂಗಳಲ್ಲಿ ಕೇದಾರನಾಥಕ್ಕೆ ಹೊರಟಿದ್ದಾರೆ. ಅಂಗಡಿಯ ಮಂಕಿ ಕ್ಯಾಪ್ ಅವರಿಗೆ ಆಗುವುದಿಲ್ಲ. ದೊಡ್ಡ ತುರುಬು, ಟೋಪಿ ಮೇಲಕ್ಕೆ ಜಾರಿ ಕಿವಿ ಆಚೆ ಬರುತ್ತದೆ. ಕಿವಿ, ಕತ್ತು ಎರಡೂ ಮುಚ್ಚುವ ಕುಲಾವಿ ನಾನೇ ಹೆಣೆದುಕೊಡೋಣ ಅಂತಿದ್ದೇನೆ. ಮಫ್ಲರ್ ಮಟ್ಟಿಗೆ ಕೈ ಓಡುತ್ತದೆ. ಅಕ್ರಿಲಿಕ್ ಅನ್ನೋ ಸಿಂಥೆಟಿಕ್ ನೂಲು ಸಾಕಾ, ಮೆರಿನೋ ಕುರಿಯ ಉಣ್ಣೆಯೇ ಬೇಕಾ? ಖರ್ಚು 800 ರೂಪಾಯಿ ಮೀರಬಾರದು. ಮಾಡಿದವರು ಅನುಭವ ಹೇಳಿ.

ಮಡಿಕೇರಿ ಮಳೆ:
ಮೆರಿನೋ. ಬೇರೆ ಮಾತೇ ಇಲ್ಲ. ನಮ್ಮ ಯಜಮಾನರು ತೋಟಕ್ಕೆ ಹಾಕಿಕೊಂಡು ಹೋಗಲಿ ಅಂತ ಹೆಣೆದೆ. 50 ಗ್ರಾಂ ಉಂಡೆಗೆ 480, ನಾಲ್ಕು ಉಂಡೆ ಹಿಡಿಯಿತು, 1,920. ಕೊರಿಯರ್ 120. 4 ಎಂಎಂ ಸರ್ಕ್ಯುಲರ್ ಕಡ್ಡಿ 350. ಒಟ್ಟು 2,390, ನನ್ನ ಕೂಲಿ ಬಿಡಿ. ಇಷ್ಟು ಕೊಟ್ಟ ಮೇಲೂ ನಾಲ್ಕನೇ ಉಂಡೆ ಬೇರೆ ಸಲ ಬಣ್ಣ ಹಾಕಿದ ಡೈ ಲಾಟ್‌ದು ಕಳಿಸಿದ್ದರು! ರಾತ್ರಿ ಟ್ಯೂಬ್‌ಲೈಟಿನಲ್ಲಿ ಗೊತ್ತಾಗಲಿಲ್ಲ. ಬೆಳಿಗ್ಗೆ ಬಿಸಿಲಿಗೆ ಹಿಡಿದರೆ ಹಣೆಯ ಪಟ್ಟಿ ಒಂದು ಬೂದು, ಉಳಿದದ್ದು ಇನ್ನೊಂದು ಬೂದು. ಫೋನ್ ಮಾಡಿದರೆ "ಉಂಡೆ ಬಿಚ್ಚಿದ್ದೀರಿ, ವಾಪಸ್ ತಗೊಳ್ಳಲ್ಲ" ಅಂದರು. ಬಿಚ್ಚದೆ ಹೆಣೆಯುವುದು ಹೇಗೆ ಸ್ವಾಮಿ? ಆದರೂ ಉಣ್ಣೆ ಉಣ್ಣೆಯೇ. ತನ್ನ ತೂಕದ ಸುಮಾರು ಶೇ. 30ರಷ್ಟು ತೇವ ಹೀರಿಕೊಂಡರೂ ಒದ್ದೆ ಅನ್ನಿಸುವುದಿಲ್ಲ. ಅಕ್ರಿಲಿಕ್ ಹಾಕಿಕೊಂಡು ಏರು ಹತ್ತಿ ಬೆವತರೆ, ನಿಂತ ಕೂಡಲೇ ತಲೆ ತಣ್ಣಗಾಗುತ್ತದೆ.

ಹಾಸನದ ಕಡ್ಡಿ:
ಒಂದು ಕುಲಾವಿಗೆ 2,390! ಅಷ್ಟರಲ್ಲಿ ನಾನು ಮನೆಮಂದಿಗೆಲ್ಲ ಹೆಣೆದು, ಉಳಿದದ್ದರಲ್ಲಿ ಪಾಪುವಿಗೆ ಕಾಲುಚೀಲವನ್ನೂ ಹಾಕಿದ್ದೇನೆ. 8 ಪ್ಲೈ (ನೂಲಿನ ದಪ್ಪ) ಅಕ್ರಿಲಿಕ್, 200 ಗ್ರಾಂ, 260 ರೂಪಾಯಿ, ಮುಗೀತು. ಕೊಳೆಯಾದರೆ ಮೆಷಿನ್‌ಗೆ ಹಾಕಿ ಮರೆತುಬಿಡಿ. ನಮ್ಮ ನಾದಿನಿಗೆ ಯಾರೋ ಮೆರಿನೋ ಟೋಪಿ ಉಡುಗೊರೆ ಕೊಟ್ಟಿದ್ದರು. ಅವಳ ಗಂಡ ಬಿಸಿನೀರಿನಲ್ಲಿ ಜೀನ್ಸ್ ಜೊತೆ ತಿರುಗಿಸಿದರು. ಹೊರಗೆ ತೆಗೆದರೆ ತೆಂಗಿನ ಚಿಪ್ಪಿಗೆ ಸರಿಹೋಗುವ ಹಾಗಿತ್ತು. 1,800 ರೂಪಾಯಿ ನೀರಿಗೆ ಹೋಯಿತು. ಆ ಮನೆಯಲ್ಲಿ ಈಗಲೂ ಆ ವಿಷಯ ಎತ್ತುವ ಹಾಗಿಲ್ಲ.

ಮಡಿಕೇರಿ ಮಳೆ:
ಅದು ಮೆರಿನೋ ತಪ್ಪಾ, ನಿಮ್ಮ ನಾದಿನಿ ಗಂಡನ ತಪ್ಪಾ? ಉಣ್ಣೆಯನ್ನು ತಣ್ಣೀರಿನಲ್ಲಿ ಅಂಟುವಾಳದ ನೊರೆ ಹಾಕಿ ಅದ್ದಿ, ಹಿಂಡದೆ, ಟವೆಲ್‌ನಲ್ಲಿ ಸುತ್ತಿ ಒತ್ತಿ, ಮಲಗಿಸಿ ಒಣಗಿಸುತ್ತಾರೆ. ಮೆಷಿನ್ನೇ ಬೇಕು ಅಂದರೆ ಸೂಪರ್‌ವಾಶ್ ತಗೊಳ್ಳಿ, ಲೇಬಲ್ ಮೇಲೆ ಬರೆದಿರುತ್ತದೆ. ಓದಬೇಕು ಅಷ್ಟೇ. ನಿಮ್ಮ ಅಕ್ರಿಲಿಕ್ ಒಂದು ಸಲ ಬೆಂಕಿ ಹತ್ತಿರ ಹೋಗಲಿ ನೋಡೋಣ. ಚಳಿ ಜಾಗದಲ್ಲಿ ಎಲ್ಲರೂ ಒಲೆ ಸುತ್ತ ಕೂರುತ್ತಾರೆ. ಕಿಡಿ ಬಿದ್ದರೆ ಪ್ಲಾಸ್ಟಿಕ್ ಥರ ಕರಗಿ ಚರ್ಮಕ್ಕೆ ಅಂಟುತ್ತದೆ.

ಹಾಸನದ ಕಡ್ಡಿ:
ಒಲೆಯೊಳಗೆ ತಲೆ ಇಡುವವರು ಯಾರು ಮೇಡಂ?

ಚಳ್ಳಕೆರೆ ಕುರಿ:
ನೀವಿಬ್ಬರೂ ಜಗಳ ಆಡಿಕೊಳ್ಳಿ. ಮೆರಿನೋ ಬಹುಪಾಲು ಆಸ್ಟ್ರೇಲಿಯಾದಿಂದ ಬರುತ್ತದೆ, ಕುರಿ ನಮ್ಮ ಮನೆ ಮುಂದೆ ನಿಂತಿವೆ. ಕಂಬಳಿಗೆ ನೂಲುವ ಅದೇ ಉಣ್ಣೆಯನ್ನು ನಮ್ಮ ದೊಡ್ಡಮ್ಮ ಸ್ವಲ್ಪ ಸಣ್ಣಗೆ ನೂತು ಕೊಟ್ಟರು, ಹೆಂಡತಿ ಹೆಣೆದಳು. ಉಣ್ಣೆಗೆ ಕಾಸಿಲ್ಲ. ಚುಚ್ಚುತ್ತದೆ, ಇಲ್ಲ ಅನ್ನಲ್ಲ, ಹಣೆ ಕೆಂಪಗಾಯಿತು. ಅದಕ್ಕೆ ಒಳಗೆ ಹಳೆ ಪಂಚೆಯ ಅಸ್ತರಿ ಕೊಡಿಸಿದೆ. ಟೈಲರ್ 180 ತಗೊಂಡು ಅಸ್ತರಿಯನ್ನು ಬಿಗಿಯಾಗಿ ಹೊಲಿದುಬಿಟ್ಟ, ಹೆಣಿಗೆ ಹಿಗ್ಗುತ್ತದೆ, ಪಂಚೆ ಹಿಗ್ಗುತ್ತಾ? ತಲೆಗೇ ಇಳಿಯಲಿಲ್ಲ. ಬಿಚ್ಚಿಸಿ ಮತ್ತೆ ಹೊಲಿಸಲು ಇನ್ನೂ 100. ಅಳತೆ ಕೊಟ್ಟಿದ್ದೆ ಅಂದರೂ ಕೇಳಲಿಲ್ಲ. ಈಗ ಬೆಳಗಿನ ಜಾವ ಹೊಲಕ್ಕೆ ಅದೇ. ಗಾಳಿ ಒಳಗೆ ನುಗ್ಗಲ್ಲ.

ತುಮಕೂರಿನ ಸೊಸೆ:
ಎಲ್ಲರಿಗೂ ಥ್ಯಾಂಕ್ಸ್. ತುರುಬಿಗೆ ಎಷ್ಟು ಜಾಗ ಬಿಡಬೇಕು ಅಂತ ಯಾರಾದರೂ ಹೇಳ್ತೀರಾ?

ಕ್ಯಾಲ್ಗರಿ ಕನ್ನಡತಿ:
ಇಲ್ಲಿ ಕೆನಡಾದಲ್ಲಿ ಜನವರಿಯಲ್ಲಿ ಮೈನಸ್ 30 ಡಿಗ್ರಿ ಮುಟ್ಟುತ್ತದೆ, ಆದ್ದರಿಂದ ಮೆರಿನೋ, ಅಕ್ರಿಲಿಕ್ ಚರ್ಚೆ ನನಗೆ ತಮಾಷೆ ಅನ್ನಿಸುತ್ತದೆ. ಯಾವ ನೂಲಾದರೂ ಕಣ್ಣುಕಣ್ಣು ಹೆಣಿಗೆಯೊಳಗೆ ಗಾಳಿ ನುಗ್ಗುತ್ತದೆ. ನಾನು ಒಳಗೆ ಫ್ಲೀಸ್ ಅನ್ನೋ ಮೆತ್ತನೆಯ ಬೆಚ್ಚನೆ ಬಟ್ಟೆಯ ಅಸ್ತರಿ ಕೊಟ್ಟಿದ್ದೇನೆ. ನಿಜವಾದ ತಲೆನೋವು ಆಕಾರದ್ದು. ಉದ್ದ ಪಟ್ಟಿ ಹೆಣೆದು ಮಡಚಿ ಹೊಲಿದರೆ ಹಿಂದೆ ಮೇಲೆ ಚೂಪು ಮೂಲೆ ಎದ್ದು ನಿಲ್ಲುತ್ತದೆ, ನನ್ನ ಮಗ ಅದನ್ನು ಹಾಕಿಕೊಂಡು ಸ್ಕೂಲಿಗೆ ಹೋಗಲು ಒಪ್ಪಲೇ ಇಲ್ಲ. ಆಮೇಲೆ ಹೀಗೆ ಮಾಡಿದೆ: 10 ಸೆಂ.ಮೀ.ಗೆ 22 ಸ್ಟಿಚ್ ಬರುವ ನೂಲಿನಲ್ಲಿ ಕತ್ತಿನಿಂದ 110 ಹಾಕಿಕೊಂಡು ನೆಟ್ಟಗೆ ಮೇಲೆ ಹೋದೆ. ಕೊನೆಯ 6 ಸೆಂ.ಮೀ. ಇರುವಾಗ ಹಿಂಭಾಗದ ನಡುವೆ ಗುರುತಿನ ರಿಂಗ್ (ಮಾರ್ಕರ್) ಹಾಕಿ, ಅದರ ಎರಡೂ ಪಕ್ಕ ಸಾಲು ಬಿಟ್ಟು ಸಾಲು ಒಂದೊಂದು ಕಡಿಮೆ ಮಾಡಿದೆ. ಎಂಟು ಸಲ ಕಡಿಮೆ ಮಾಡಿದರೆ 94 ಉಳಿಯುತ್ತದೆ. ಅರ್ಧ ಅರ್ಧ ಎರಡು ಕಡ್ಡಿಯಲ್ಲಿ ಎದುರುಬದುರು ಹಿಡಿದು, ಮೂರನೇ ಕಡ್ಡಿಯಿಂದ ಎರಡೂ ಕಡೆಯ ಸ್ಟಿಚ್ ಒಟ್ಟಿಗೆ ಹೆಣೆದು ಮುಚ್ಚಿದೆ. ಮೂಲೆ ಮಾಯ. ಮುಖದ ಅಂಚಿಗೆ ಎರಡು ನಿಟ್ (ಸೀದಾ), ಎರಡು ಪರ್ಲ್ (ಉಲ್ಟಾ) ಸ್ಟಿಚ್‌ನ ಹಿಗ್ಗುವ ಪಟ್ಟಿ. ಫ್ಲೀಸ್ ಬೆಲೆ ಹೇಳಿದರೆ ಊರಿನವರು ಬೈತೀರಿ.

ಕ್ರೋಶಾ ಕಲಾವತಿ:
ತುರುಬು ಕೆಳಗೆ ಕಟ್ಟುವವರಾದರೆ ಕತ್ತಿನ ಪಟ್ಟಿ ಮುಗಿದ ಕೂಡಲೇ ಹಿಂದೆ ನಡುವೆ ಹತ್ತು ಹನ್ನೆರಡು ಸ್ಟಿಚ್ ಹೆಚ್ಚಿಸಿ, ಅಷ್ಟೇ. ಆದರೆ ಇಷ್ಟೆಲ್ಲ ಯಾಕೆ? ಕ್ರೋಶಾ ಹಾಕಿ! ಒಂದೇ ಕೊಕ್ಕೆ, ಸ್ಟಿಚ್ ಕೆಳಗೆ ಬೀಳುವ ಭಯ ಇಲ್ಲ, ಸಂಜೆ ಧಾರಾವಾಹಿ ನೋಡುತ್ತಲೇ ಮುಗಿಯುತ್ತದೆ. ಎಲ್ಲಿ ಹೋದರೂ ನಿಟ್ಟಿಂಗ್‌ನವರಿಗೆ ನಾವು ಕಡಿಮೆ. ಸಾಕಾಗಿದೆ.

ಹಾಸನದ ಕಡ್ಡಿ:
ಕ್ರೋಶಾ ನೂಲು ಜಾಸ್ತಿ ತಿನ್ನುತ್ತದೆ, ಹಿಗ್ಗಲ್ಲ. ಕಿವಿ ಮೇಲೆ ರಟ್ಟು ಇಟ್ಟ ಹಾಗೆ ನಿಲ್ಲುತ್ತದೆ. ಟೇಬಲ್ ಮೇಲೆ ಹಾಸಲು ಚೆಂದ.

ಕ್ರೋಶಾ ಕಲಾವತಿ:
ದಪ್ಪ ಕೊಕ್ಕೆ ತಗೊಂಡು ಸಡಿಲ ಹಾಕಿದರೆ ಚೆನ್ನಾಗಿಯೇ ಹಿಗ್ಗುತ್ತದೆ. ನಿಮ್ಮ 260 ರೂಪಾಯಿ ಅಕ್ರಿಲಿಕ್ ಮೇಲೆ ಇಸ್ತ್ರಿ ಇಟ್ಟು ನೋಡಿ, ಆಮೇಲೆ ಮಾತಾಡೋಣ.

ಹುಬ್ಬಳ್ಳಿ ಯಾತ್ರಿ:
ಇಲ್ಲಿ ಯಾರಾದರೂ ಕೇದಾರಕ್ಕೆ ಹೋಗಿದ್ದೀರಾ? ನಾನು ಹೋಗಿದ್ದೇನೆ. ಸುಮಾರು 3,580 ಮೀಟರ್ ಎತ್ತರ, ಗೌರಿಕುಂಡದಿಂದ 16 ಕಿ.ಮೀ. ಏರು, ಮೇ ತಿಂಗಳಲ್ಲೂ ಮಳೆ, ಕೆಲವೊಮ್ಮೆ ಹಿಮ. ಅಲ್ಲಿ ಮೆರಿನೋನೂ ಇಲ್ಲ, ಕಂಬಳಿನೂ ಇಲ್ಲ, ರೈನ್‌ಕೋಟೇ ದೇವರು. ಅದರ ಟೋಪಿಯೊಳಗೆ ತೂರುವಷ್ಟು ತೆಳ್ಳಗೆ ಹೆಣೆಯಿರಿ. ನಮ್ಮಮ್ಮನ ದಪ್ಪ ಕುಲಾವಿ ತೂರಲೇ ಇಲ್ಲ, ಬ್ಯಾಗಿನಲ್ಲೇ ಉಳಿಯಿತು. ಅದು ಬಿಡಿ, ಕುದುರೆಯವನು ಹತ್ತುವಾಗ ಹೇಳಿದ ರೇಟೇ ಬೇರೆ, ಇಳಿಸುವಾಗ ಕೇಳಿದ್ದೇ ಬೇರೆ. ದಾರಿ ಮಧ್ಯೆ ನಿಲ್ಲಿಸಿ ಚಹಾಕ್ಕೆ ಇಷ್ಟು, ಕುದುರೆ ಮೇವಿಗೆ ಇಷ್ಟು ಅಂತ ಬೇರೆ.

ಚಳ್ಳಕೆರೆ ಕುರಿ:
ದೇವರ ದರ್ಶನಕ್ಕೆ ಕುದುರೆ ಬೆನ್ನು ಮುರಿಯಬೇಕಾ ಅಣ್ಣ? ನಡೆದು ಹತ್ತಬೇಕು.

ಹುಬ್ಬಳ್ಳಿ ಯಾತ್ರಿ:
ನಮ್ಮಮ್ಮನಿಗೆ ಎರಡೂ ಮಂಡಿ ಆಪರೇಷನ್ ಆಗಿದೆ. ನೀವು ಬಂದು ಹೊತ್ತುಕೊಂಡು ಹೋಗುತ್ತಿದ್ದಿರಾ? ಕುದುರೆ ಮೇಲೆ ಅಷ್ಟು ಕನಿಕರ ಇದ್ದರೆ ಮೊದಲು ನಿಮ್ಮ ಕುರಿಗಳನ್ನು ಮಾರುವುದು ನಿಲ್ಲಿಸಿ.

ಮಡಿಕೇರಿ ಮಳೆ:
ಕುದುರೆ ಜಗಳ ಬೇರೆ ಕಡೆ ಆಡಿ. ಕ್ಯಾಲ್ಗರಿಯವರೇ, ಆ ಫ್ಲೀಸ್‌ಗೆ ಎಷ್ಟು ಕೊಟ್ಟಿರಿ ಹೇಳಿ, ಬೈಯಲ್ಲ.