ಇನ್ಸುಲಿನ್ ‘ಸ್ರಾವ’, ‘ಗ್ರಾಹಕ’, ‘ನಿರೋಧಕತೆ’: ಈ ಪದಗಳು ಹಳ್ಳಿಯಲ್ಲಿ ನಿಲ್ಲುತ್ತವೆಯೇ?

ಎಲ್ಲರಿಗೂ ನಮಸ್ಕಾರ.

ಒಂದೇ ಮನೆಯಲ್ಲಿ ಹಲವರಿಗೆ ಶುಗರ್ ಬರುವ ಬಗ್ಗೆ ಹಾಸನ ಜಿಲ್ಲೆಯ ಹಳ್ಳಿಗಳಿಗೆ ಒಂದು ಕರಪತ್ರ ತಯಾರಾಗುತ್ತಿದೆ. ಕೆಲವು ಪದಗಳು ತೊಡಕು ಮಾಡುತ್ತಿವೆ.

ಮೊದಲನೆಯದು ‘ಸ್ರಾವ’. ಪಠ್ಯಪುಸ್ತಕದಲ್ಲಿ ಸರಿ, ಆದರೆ ಹಳ್ಳಿಯಲ್ಲಿ ಸ್ರಾವ ಅಂದರೆ ರಕ್ತಸ್ರಾವ, ಇಲ್ಲವೇ ಬಿಳಿಸೆರಗು. ‘ಸ್ರವಿಕೆ’ ಎಂದರೂ ತಾನಾಗಿ ಸೋರುವ ಭಾವ ಹೋಗದು. ಮೇದೋಜೀರಕ ಗ್ರಂಥಿಯ ಬೀಟಾ ಕೋಶ ಸುಮ್ಮನೆ ಸೋರುವುದಿಲ್ಲ. ಇನ್ಸುಲಿನ್ನನ್ನು ಮೊದಲೇ ಮಾಡಿ ಪುಟ್ಟ ಚೀಲಗಳಲ್ಲಿ ತುಂಬಿಟ್ಟುಕೊಂಡು, ರಕ್ತದ ಸಕ್ಕರೆ 100 ಮಿಲೀಲೀಟರಿಗೆ ಸುಮಾರು 90 ಮಿಲಿಗ್ರಾಂ ದಾಟಿದಾಗ ಧಾರಾಳವಾಗಿ ಹೊರಬಿಡುತ್ತದೆ. ದನ ಕಟ್ಟಿದವರ ಬಾಯಲ್ಲಿ ಇದಕ್ಕೆ ಮಾತಿದೆ: ಸೊರೆ ಬಿಡುವುದು. ಕೆಚ್ಚಲಲ್ಲಿ ಹಾಲಿದ್ದರೂ ಕರು ಮೂತಿ ಹಾಕಿ ಗುದ್ದುವ ತನಕ ಎಷ್ಟೋ ಹಸು ಸೊರೆ ಬಿಡದು. ಹಾಲಿಲ್ಲದ್ದು ಬೇರೆ, ಸೊರೆ ಬಿಡದ್ದು ಬೇರೆ. ಬೀಟಾ ಕೋಶಕ್ಕೆ ಸಕ್ಕರೆಯ ಮಟ್ಟ ತಿಳಿಸುವ ಗ್ಲೂಕೋಕೈನೇಸ್ ಎಂಬ ಕಿಣ್ವದ ಜೀನಿನಲ್ಲಿ ದೋಷವಿರುವ ಮನೆತನಗಳಲ್ಲಿ ಆಗುವುದು ಎರಡನೆಯದು. ಇನ್ಸುಲಿನ್ ಇದೆ, ಸಕ್ಕರೆ ಇನ್ನಷ್ಟು ಏರಿದ ಮೇಲೆಯೇ ಬಿಡುತ್ತದೆ. ಖಾಲಿಹೊಟ್ಟೆಯ ಸಕ್ಕರೆ ಹುಟ್ಟಿನಿಂದ ತುಸು ಮೇಲೇ ಇರುತ್ತದೆ, ಸಾಮಾನ್ಯವಾಗಿ ಮಾತ್ರೆ ಬೇಕಾಗದು. ಟೈಪ್ 1ರಲ್ಲಾದರೆ ಬೀಟಾ ಕೋಶಗಳೇ ನಾಶವಾಗಿ ಕೆಚ್ಚಲು ಬತ್ತಿರುತ್ತದೆ. ಎರಡನ್ನೂ ‘ಸ್ರಾವ ಕಡಿಮೆ’ ಎಂದರೆ ವ್ಯತ್ಯಾಸವೇ ಮುಚ್ಚಿಹೋಗುತ್ತದೆ. ‘ಬಿಡುಗಡೆ’ ಎಂದು ಬರೆದು ಸೊರೆಯ ಹೋಲಿಕೆ ಕೊಡೋಣವೆಂದು ನನ್ನ ಅನಿಸಿಕೆ.

ಇನ್ಸುಲಿನ್ ಬಂದು ಕೂರುವ, ಕೋಶದ ಪೊರೆಯ ಪ್ರೋಟೀನಿಗೆ (receptor) ‘ಗ್ರಾಹಕ’ ಬೇಡ, ಕರೆಂಟ್ ಬಿಲ್ಲಿನ ಮೇಲೂ ಅದೇ ಇದೆ. ‘ಗ್ರಾಹಿ’ ಇರಲಿ. ಬೀಗ–ಕೀಲಿಯ ಹಳೆಯ ಹೋಲಿಕೆ ಓದಿದವರು ಇನ್ಸುಲಿನ್ನೇ ಸಕ್ಕರೆಯನ್ನು ಕೈಹಿಡಿದು ಒಳಗೆ ಕರೆದೊಯ್ಯುತ್ತದೆಂದು ತಿಳಿಯುತ್ತಾರೆ. ನಿಜದಲ್ಲಿ ಇನ್ಸುಲಿನ್ ಕೋಶದ ಹೊರಮೈಯಲ್ಲಿ, ಗ್ರಾಹಿಯ ಆಲ್ಫಾ ತುಂಡಿಗೆ ಕಚ್ಚಿಕೊಳ್ಳುತ್ತದೆ. ಪೊರೆ ತೂರಿ ನಿಂತ ಬೀಟಾ ತುಂಡು ಒಳಕ್ಕೆ ಸುದ್ದಿ ಮುಟ್ಟಿಸುತ್ತದೆ. ಆಮೇಲೆ ಸಕ್ಕರೆ ಸಾಗಿಸುವ ಪ್ರೋಟೀನು ಒಳಗಿನಿಂದ ಪೊರೆಗೆ ಬರುತ್ತದೆ. ಗ್ರಾಹಿಯನ್ನು ಕಾಲಿಂಗ್ ಬೆಲ್ ಅನ್ನಿ. ಗ್ರಾಹಿಯ ಜೀನೇ ಕೆಟ್ಟರೆ ಬೆಲ್ಲೇ ಕೆಟ್ಟಂತೆ, ಇದು ತೀರಾ ಅಪರೂಪ. ಸಾಮಾನ್ಯ ಟೈಪ್ 2ರಲ್ಲಿ ಹೆಚ್ಚಾಗಿ ಬೆಲ್ ಕೇಳಿದರೂ ಒಳಗಿನವರು ಬೇಗ ಏಳುವುದಿಲ್ಲ. ಇನ್ನು ಇನ್ಸುಲಿನ್ ಗ್ರಾಹಿಗೆ ಅಂಟುವುದಕ್ಕೆ (binding) ‘ಬಂಧ’ಕ್ಕಿಂತ ‘ಕಚ್ಚಿಕೊಳ್ಳುವುದು’ ವಾಸಿ.

ಈ ಏಳದಿರುವುದಕ್ಕೆ ‘ಇನ್ಸುಲಿನ್ ನಿರೋಧಕತೆ’ ಮಾತ್ರ ಖಂಡಿತ ಬೇಡ. ರೋಗನಿರೋಧಕ ಶಕ್ತಿ ಕೇಳಿದ ಕಿವಿಗೆ ಅದೂ ಒಳ್ಳೆಯದೇ ಅನ್ನಿಸೀತು. ‘ಇನ್ಸುಲಿನ್‌ಗೆ ಜಗ್ಗದಿರುವುದು’ ಹೇಗೆ?

‘ವಂಶಪಾರಂಪರ್ಯ’ವೂ ಪಿತ್ರಾರ್ಜಿತ ಜಮೀನಿನ ಹಾಗೆ ಬಂದೇ ಬರುತ್ತದೆಂಬ ಧ್ವನಿ ಕೊಡುತ್ತದೆ. ಒಂದೇ ಜೀನಿನ ದೋಷದಿಂದ ಬರುವ ಮೋಡಿ (MODY) ಎಂಬ ಸಕ್ಕರೆ ಕಾಯಿಲೆಯಲ್ಲಿ ಕೂಡ, ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೆ ಇರುವ ಸಾಧ್ಯತೆ ಅರ್ಧಕ್ಕರ್ಧ. (‘ಮೋಡಿ’ ಎಂದು ಅಚ್ಚು ಹಾಕಿದರೆ ಮಾಟಮಂತ್ರ ಅಂದುಕೊಂಡಾರು!) ಟೈಪ್ 2ರಲ್ಲಿ ಇಳಿದು ಬರುವುದು ಒಲವು ಮಾತ್ರ. ‘ಮನೆತನದ ಸಕ್ಕರೆ ಕಾಯಿಲೆ’ ಸಾಕೇ?

ಕರಪತ್ರ ಕಡೂರು, ಮೂಡಿಗೆರೆ ಕಡೆಗೂ ಹೋಗಲಿದೆ. ಚಿಕ್ಕಮಗಳೂರಿನವರು ಸೊರೆ ಬಿಡುವುದಕ್ಕೆ ಬೇರೆ ಮಾತು ಬಳಸುವುದಿದ್ದರೆ ದಯವಿಟ್ಟು ತಿಳಿಸಿ.