ಆವರಣಕ್ಕೆ ಮುಚ್ಚಳ ಇರುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಷಯಕ್ಕೆ ನಿಮ್ಮ ಸಹಾಯ ಬೇಕಿತ್ತು. ಕೈಕೆಲಸದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಅಕ್ಕಪಕ್ಕ ಮೂರು ಅಧ್ಯಾಯಗಳಿವೆ. ಒಂದರಲ್ಲಿ ಸ್ಪೀಕರ್ ಕೂರಿಸುವ ಪೆಟ್ಟಿಗೆ ಮಾಡುವುದು, ಇನ್ನೊಂದರಲ್ಲಿ ಸರ್ಕ್ಯೂಟ್ ಬೋರ್ಡಿಗೆ ತಕ್ಕ ಡಬ್ಬಿ ಆರಿಸುವುದು, ಮೂರನೆಯದರಲ್ಲಿ ಮೊಲ, ಗಿಳಿ, ಆಮೆಗಳಿಗೆ ಇರಲು ಜಾಗ ಮಾಡಿಕೊಡುವುದು. ಇಂಗ್ಲಿಷಿನಲ್ಲಿ ಮೂರಕ್ಕೂ ಒಂದೇ ಪದ, ಎನ್‌ಕ್ಲೋಷರ್. ನಿಘಂಟು ತೆಗೆದೆ, ‘ಆವರಣ’ ಅಂತ ಇತ್ತು. ಸರಿ, ಮೂರೂ ಕಡೆ ಅದನ್ನೇ ಹಾಕಿಕೊಂಡು ಹೋದೆ. ಕೆಲಸ ಬೇಗ ಮುಗಿಯಿತು. ಬೇಗ ಮುಗಿದಾಗಲೇ ಅನುಮಾನ ಬರಬೇಕಿತ್ತು.

ಸ್ಪೀಕರ್ ಡಬ್ಬ ಮಾಡುವ ಗೆಳೆಯರೊಬ್ಬರಿಗೆ ಮೊದಲ ಅಧ್ಯಾಯ ಓದಿ ಹೇಳುತ್ತಿದ್ದೆ. ‘ಆವರಣದ ಹಿಂಬದಿಯ ಹಲಗೆಯನ್ನು ಸ್ಕ್ರೂ ಹಾಕಿ ಬಿಗಿ ಮಾಡಿ’ ಅನ್ನುವಷ್ಟರಲ್ಲಿ ತಡೆದರು.

“ಒಂದ್ನಿಮಿಷ ಸಾರ್. ಕಾಂಪೌಂಡಿಗೆ ಯಾಕೆ ಹಲಗೆ ಹೊಡೀತಿದ್ದೀರಿ?”

ಅವರು ಹೇಳಿದ್ದು ಸರಿ. ಆವರಣ ಅಂದ ಕೂಡಲೇ ಕಣ್ಣಿಗೆ ಬರುವುದು ಶಾಲೆಯ ಆವರಣ, ಆಸ್ಪತ್ರೆಯ ಆವರಣ. ಸುತ್ತ ಗೋಡೆ, ಮೇಲೆ ಆಕಾಶ. ಅದರೊಳಗೆ ನಾವು ನಡೆದುಹೋಗಬಹುದು, ಅದನ್ನು ಎತ್ತಿಕೊಂಡು ಹೋಗಲಿಕ್ಕಾಗದು. ಅದಕ್ಕೆ ಮುಚ್ಚಳ ಇಲ್ಲ. ಬರವಣಿಗೆಯಲ್ಲಿ ಬಳಸುವ ಆವರಣ ಚಿಹ್ನೆಯೂ ಹಾಗೇ, ಎರಡು ಕಡೆ ಗೋಡೆ, ಮೇಲೆ ಕೆಳಗೆ ಬಯಲು. ನಿಘಂಟಿನವರದ್ದು ತಪ್ಪು ಅನ್ನಲಾರೆ. ಸಂಸ್ಕೃತದಲ್ಲಿ ಆ ಪದದ ಮೂಲ ಅರ್ಥ ಮುಚ್ಚುವುದು, ಮರೆಮಾಡುವುದು. ವೇದಾಂತಿಗಳು ‘ಆವರಣ ಶಕ್ತಿ’ ಅನ್ನುವಾಗ ಆ ಅರ್ಥವೇ ಇದೆ. ಆದರೆ ದಿನಬಳಕೆಯ ಕನ್ನಡದಲ್ಲಿ ಆ ಮುಚ್ಚಳ ಯಾವಾಗಲೋ ಹಾರಿಹೋಗಿದೆ.

ಇನ್ನೊಂದು ತಮಾಷೆ ನೋಡಿ. ಕಚೇರಿ ಪತ್ರಗಳ ಕೊನೆಯಲ್ಲಿ ‘ಅಡಕ’ ಅಂತ ಬರೆಯುತ್ತೇವಲ್ಲ, ಅದಕ್ಕೂ ಇಂಗ್ಲಿಷಿನಲ್ಲಿ ಇದೇ ಎನ್‌ಕ್ಲೋಷರ್. ಅಲ್ಲಿ ಅದು ಲಕೋಟೆಯೊಳಗೆ ಇಟ್ಟ ಕಾಗದ. ಇಲ್ಲಿ ಅದು ಇಟ್ಟುಕೊಳ್ಳುವ ಪೆಟ್ಟಿಗೆ. ಒಳಗಿನದಕ್ಕೂ ಹೊರಗಿನದಕ್ಕೂ ಒಂದೇ ಹೆಸರು! ಅವರಿಗೆ ನಡೆಯುತ್ತದೆ, ನಮಗೆ ನಡೆಯುವುದಿಲ್ಲ.

ಅನುವಾದದ ಯಂತ್ರಕ್ಕೂ ‘ಸ್ಪೀಕರ್ ಎನ್‌ಕ್ಲೋಷರ್’ ಅಂತ ಒಮ್ಮೆ ಕೊಟ್ಟು ನೋಡಿದೆ. ‘ಸಭಾಧ್ಯಕ್ಷರ ಆವರಣ’ ಅಂತ ಕೊಟ್ಟಿತು. ಕ್ಯಾಬಿನೆಟ್ ಅಂತ ಬದಲಾಯಿಸಿದರೆ ‘ಸಂಪುಟ’. ಸಂಪುಟ ಅಂದರೆ ಮೂಲದಲ್ಲಿ ಮುಚ್ಚಳವಿರುವ ಕರಡಿಗೆಯೇ. ಆ ಲೆಕ್ಕದಲ್ಲಿ ಅರ್ಥ ಸರಿಯಾಗಿಯೇ ಇದೆ. ಆದರೆ ‘ಸ್ಪೀಕರ್ ಸಂಪುಟ’ ಅಂತ ಅಚ್ಚು ಹಾಕಿಸಿದರೆ ಓದುಗರು ರಾಜಕೀಯ ಸುದ್ದಿ ಅಂದುಕೊಳ್ಳುತ್ತಾರೆ.

ಹಾಗಾದರೆ ಸ್ಪೀಕರಿಗೆ ಏನು ಹೇಳೋಣ? ನನಗೆ ಜಾಸ್ತಿ ತಲೆಕೆಡಿಸಿದ್ದು ಇದೇ.

ಆ ಗೆಳೆಯರು ‘ಡಬ್ಬ’ ಅನ್ನುತ್ತಾರೆ. ಕೆಲವರು ಬಾಕ್ಸ್, ಕೆಲವರು ಕ್ಯಾಬಿನೆಟ್. ಮೂರೂ ಚೆನ್ನಾಗಿ ಅರ್ಥವಾಗುತ್ತವೆ. ಆದರೆ ಡಬ್ಬ ಅಂದರೆ ಸಾಮಾನು ತುಂಬಿಡುವುದು, ಹೊರಗೆ ತೆಗೆದರೂ ಆ ಸಾಮಾನು ಮೊದಲಿನ ಹಾಗೇ ಕೆಲಸ ಮಾಡುತ್ತದೆ. ಸ್ಪೀಕರಿನ ಕಥೆ ಹಾಗಲ್ಲ. ಬರೀ ಸ್ಪೀಕರನ್ನು ಕೈಯಲ್ಲಿ ಹಿಡಿದು ಹಾಡು ಹಾಕಿ ನೋಡಿ, ದನಿ ಬಡಕಲಾಗಿ ಕೇಳುತ್ತದೆ. ಅದರ ಬಾಯಿಯಷ್ಟೇ ತೂತು ಕೊರೆದ ದೊಡ್ಡ ರಟ್ಟಿಗೆ ಒತ್ತಿ ಹಿಡಿಯಿರಿ, ತಕ್ಷಣ ತಬಲಾದ ಡಗ್ಗಾ ಎದ್ದು ಬರುತ್ತದೆ. ಕಾರಣ ಇಷ್ಟೇ. ಸ್ಪೀಕರಿನ ಶಂಕು, ಅಂದರೆ ನಡುಗುವ ಕೋನ್, ಮುಂದಕ್ಕೆ ಗಾಳಿಯನ್ನು ಒತ್ತಿದಾಗ ಹಿಂದೆ ಗಾಳಿ ತೆಳುವಾಗುತ್ತದೆ. ತಗ್ಗಿನ ಸ್ವರಗಳಲ್ಲಿ ಮುಂದಿನದೂ ಹಿಂದಿನದೂ ಅಂಚು ಸುತ್ತಿ ಬಂದು ಒಂದನ್ನೊಂದು ನುಂಗಿಬಿಡುತ್ತವೆ. ಅವೆರಡನ್ನೂ ಬೇರೆ ಇಡುವುದೇ ಪೆಟ್ಟಿಗೆಯ ಮೊದಲ ಕೆಲಸ.

ಅಷ್ಟೇ ಅಲ್ಲ. ಬಿಗಿ ಮುಚ್ಚಿದ ಪೆಟ್ಟಿಗೆಯಲ್ಲಿ ಒಳಗಿನ ಗಾಳಿಯೇ ಸ್ಪ್ರಿಂಗಿನ ಹಾಗೆ ಶಂಕುವನ್ನು ಹಿಂದಕ್ಕೆ ತಳ್ಳುತ್ತದೆ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಈ ಗಾಳಿಯ ಸ್ಪ್ರಿಂಗನ್ನೇ ನಂಬಿ ಚಿಕ್ಕ ಪೆಟ್ಟಿಗೆಯಿಂದ ಗಟ್ಟಿ ತಗ್ಗುಸ್ವರ ಹೊರಡಿಸಿದರು. ಅಂದಮೇಲೆ ಸ್ಪೀಕರಿನ ಅರ್ಧ ಕೆಲಸ ಗಾಳಿಯದು, ಹಲಗೆಗಳು ಆ ಗಾಳಿಯನ್ನು ಅಳತೆಯಲ್ಲಿ ಹಿಡಿದಿಡುತ್ತವೆ. ಲೀಟರ್ ಲೆಕ್ಕ ತಪ್ಪಿದರೆ ದನಿಯೂ ತಪ್ಪುತ್ತದೆ.

ಇದನ್ನು ಓದುತ್ತಿದ್ದಾಗ ನನಗೆ ಥಟ್ಟನೆ ಹೊಳೆದದ್ದು ವೀಣೆಯ ‘ಕೊಡ’, ತಂಬೂರಿಯ ‘ಬುರುಡೆ’. ಗಾಳಿ ಹಿಡಿದಿಟ್ಟು ದನಿಗೆ ಮೈ ಕೊಡುವ ಭಾಗಕ್ಕೆ ನಮ್ಮಲ್ಲಿ ಆಗಲೇ ಪದ ಇದೆಯಲ್ಲ! ಎರಡು ದಿನ ಇದೇ ಖುಷಿಯಲ್ಲಿದ್ದೆ. ಆಮೇಲೆ ಮತ್ತೆ ಆ ಗೆಳೆಯರ ಹತ್ತಿರ ಹೋದೆ. ಅವರು ಮಾತಾಡಲಿಲ್ಲ. ಅರ್ಧ ಮುಗಿದ ಡಬ್ಬವೊಂದರ ಪಕ್ಕದ ಹಲಗೆಯನ್ನು ಬೆರಳ ಗಿಣ್ಣಿನಿಂದ ತಟ್ಟಿದರು. ‘ಡುಂ’ ಅಂತು. ಒಳಗೆ ಎರಡು ಹಲಗೆಗಳ ನಡುವೆ ಒಂದು ಅಡ್ಡಪಟ್ಟಿ ಬಿಗಿಯಾಗಿ ಸಿಕ್ಕಿಸಿದರು. ಮತ್ತೆ ತಟ್ಟಿದರು. ‘ಟಕ್’. “ಈಗ ಸರಿ,” ಅಂದರು. “ಡಬ್ಬ ಹಾಡಬಾರದು ಸಾರ್. ಹಾಡೋದು ಸ್ಪೀಕರ್ ಕೆಲಸ.”

ಅಲ್ಲಿಗೆ ನನ್ನ ಕೊಡ ಒಡೆಯಿತು. ವೀಣೆಯ ಕೊಡ ತಾನೂ ನಡುಗಿ ಹಾಡಬೇಕು, ಸ್ಪೀಕರಿನ ಹಲಗೆ ಮೂಗನ ಹಾಗೆ ನಿಲ್ಲಬೇಕು. ಅದಕ್ಕೇ 18 ಮಿ.ಮೀ. ದಪ್ಪದ ಹಲಗೆ, ಅಡ್ಡಪಟ್ಟಿ ಎಲ್ಲ. ಇನ್ನು ‘ಸ್ಪೀಕರ್ ಬುರುಡೆ’ ಅಂದರೆ ಯಾರೋ ಬುರುಡೆ ಬಿಡುತ್ತಿದ್ದಾರೆ ಅಂತಲೇ ಕೇಳಿಸುತ್ತದೆ, ಅಲ್ವಾ?

‘ಗೂಡು’ ಅಂದರೆ ಹೇಗೆ ಅಂತಲೂ ಯೋಚಿಸಿದೆ. ಎದೆಗೂಡು ಅನ್ನುತ್ತೇವೆ, ಅದರೊಳಗೂ ಗಾಳಿ ಆಡುತ್ತದೆ, ದನಿಗೂ ಅದಕ್ಕೂ ನಂಟಿದೆ. ಹಕ್ಕಿಗೂಡು, ಜೇನುಗೂಡು, ರೇಷ್ಮೆಗೂಡು, ಗೋಡೆಯಲ್ಲಿ ದೀಪ ಇಡುವ ಗೂಡು, ಹೀಗೆ ಎಷ್ಟು ಕಡೆ ಹೊಂದಿಕೊಳ್ಳುವ ಪದ! ಆದರೆ ಗೂಡಿನಲ್ಲಿ ಏನೋ ಒಂದು ವಾಸ ಇರಬೇಕು ಅನ್ನಿಸುತ್ತದೆ. ‘ಧ್ವನಿಪೆಟ್ಟಿಗೆ’ ಅಂತ ಮಾಡೋಣ ಅಂದರೆ ಅದನ್ನು ಪಾಠಪುಸ್ತಕದವರು ಗಂಟಲಿಗೆ ಕೊಟ್ಟುಬಿಟ್ಟಿದ್ದಾರೆ. ಆದರೂ ಪೆಟ್ಟಿಗೆಗೆ ದನಿಯ ಜೊತೆ ಹಳೆಯ ನಂಟಿದೆ ಅಂತ ಅದರಿಂದಲೇ ತಿಳಿಯಿತು. ಶ್ರುತಿಪೆಟ್ಟಿಗೆ ಇದ್ದೇ ಇದೆ. ಹಾಗಾಗಿ ಸದ್ಯಕ್ಕೆ ‘ಸ್ಪೀಕರ್ ಪೆಟ್ಟಿಗೆ’ ಅಂತ ಹಾಕಿಕೊಂಡಿದ್ದೇನೆ. ಮಾತಿನ ನಡುವೆ ಡಬ್ಬ ಬಂದರೆ ಬರಲಿ.

ಸರ್ಕ್ಯೂಟ್ ಬೋರ್ಡಿನ ಅಧ್ಯಾಯ ಇಷ್ಟು ಕಾಡಲಿಲ್ಲ. ಅಲ್ಲಿ ಪೆಟ್ಟಿಗೆಯ ಕೆಲಸ ಕಾಯುವುದು. ದೂಳು, ನೀರು, ಕೈಬೆರಳು ಒಳಗೆ ಹೋಗಬಾರದು. ಮೊದಲು ‘ಕವಚ’ ಅಂತ ಬರೆದಿದ್ದೆ. ಆದರೆ ಕವಚ ಮೈಗೆ ಅಂಟಿಕೊಂಡಿರುತ್ತದೆ, ಫೋನಿಗೆ ತೊಡಿಸುವ ಹೊದಿಕೆಯ ಹಾಗೆ. ಬೋರ್ಡಿಗೆ ಸುತ್ತ ಜಾಗ ಬೇಕು, ಇಲ್ಲದಿದ್ದರೆ ಬಿಸಿ ಹೋಗುವುದೆಲ್ಲಿಗೆ? ಹಾಗಾಗಿ ‘ಡಬ್ಬಿ’. ಸ್ಪೀಕರಿನದು ಪೆಟ್ಟಿಗೆ, ಬೋರ್ಡಿನದು ಡಬ್ಬಿ. ಗಾತ್ರವೂ ಪದದಲ್ಲೇ ಬಂತು.

ಇಲ್ಲಿ ಒಂದು ಕಡೆ ಮಾತ್ರ ಎಚ್ಚರ ಬೇಕು. ಡಬ್ಬಿಗಳ ಮೇಲೆ ಐಪಿ65, ಐಪಿ67 ಅಂತ ಬರೆದಿರುತ್ತಾರೆ, ದೂಳು ನೀರನ್ನು ಎಷ್ಟು ತಡೆಯುತ್ತದೆ ಅನ್ನುವ ಗುರುತು ಅದು. ಮೊದಲ ಅಂಕಿ ದೂಳಿನಂಥ ಗಟ್ಟಿ ವಸ್ತುವಿನದು, 6 ಅಂದರೆ ದೂಳು ಹೋಗಲೇ ಆಗದು. ಎರಡನೆಯದು ನೀರಿನದು. 5 ಅಂದರೆ ಕೊಳವೆಯಿಂದ ನೀರು ಚಿಮ್ಮಿಸಿದರೂ ತಡೆಯುತ್ತದೆ, 7 ಅಂದರೆ 1 ಮೀಟರ್ ಆಳದಲ್ಲಿ 30 ನಿಮಿಷ ಮುಳುಗಿಸಿಟ್ಟರೂ ತಡೆಯುತ್ತದೆ. 7 ಸಿಕ್ಕಿದ್ದಕ್ಕೆ 5 ತಾನಾಗಿ ಸಿಗುವುದಿಲ್ಲ, ಅವು ಬೇರೆ ಬೇರೆ ಪರೀಕ್ಷೆ. ನಾವು ಎರಡಕ್ಕೂ ‘ಜಲನಿರೋಧಕ’ ಅಂತ ಒಂದೇ ಪದ ಬಡಿದರೆ ಈ ವ್ಯತ್ಯಾಸ ನೀರುಪಾಲು. ನಾನು ‘ಚಿಮ್ಮುವ ನೀರು ತಡೆಯುವ’, ‘ಮುಳುಗಿದರೂ ತಡೆಯುವ’ ಅಂತ ಬಿಡಿಸಿ ಬರೆದಿದ್ದೇನೆ. ಉದ್ದವಾಯಿತು ಅನ್ನುವವರು ಅನ್ನಲಿ.

ನನ್ನದೇ ಒಂದು ಅನುಭವವೂ ಇದೆ. ತೋಟದಲ್ಲಿ ತೇವ ಅಳೆಯುವ ಪುಟ್ಟ ಯಂತ್ರ ಇಟ್ಟಿದ್ದೆ. ನೀರು ಹೋಗಬಾರದು ಅಂತ ಡಬ್ಬಿಯ ಅಂಚಿಗೆಲ್ಲ ಸಿಲಿಕೋನ್ ಮೆತ್ತಿದ್ದೆ. ಕೆಲವು ವಾರ ಬಿಟ್ಟು ತೆಗೆದರೆ ತಳದಲ್ಲಿ ನೀರು ನಿಂತಿದೆ, ಬೋರ್ಡಿನ ಕಾಲುಗಳಿಗೆ ಹಸಿರು ಕಿಲುಬು. ಹಗಲು ಬಿಸಿಯಾಗಿ ಹಿಗ್ಗಿದ ಗಾಳಿ ಸಂದಿ ಹುಡುಕಿ ಹೊರಗೆ ಹೋಗಿದೆ, ರಾತ್ರಿ ತಣ್ಣಗಾದಾಗ ಒದ್ದೆ ಗಾಳಿಯನ್ನು ಒಳಗೆ ಎಳೆದುಕೊಂಡಿದೆ. ನಂತರ ತಳಕ್ಕೆ ಸಣ್ಣ ತೂತು ಕೊರೆದೆ, ಸರಿಹೋಯಿತು. ಇದಕ್ಕೆ ‘ಸಾಂದ್ರೀಕರಣ’ ಅಂತ ಬರೆಯುವ ಬದಲು ‘ಡಬ್ಬಿ ಬೆವರುತ್ತದೆ’ ಅಂತ ಬರೆದಿದ್ದೇನೆ. ಕನ್ನಡಕದ ಗಾಜು ಬೆವರಿದೆ ಅನ್ನುವುದಿಲ್ಲವೇ, ಹಾಗೆ.

ಅಂದಹಾಗೆ, ಅದೇ ಅಧ್ಯಾಯದಲ್ಲಿ ‘ಫ್ಯಾರಡೆ ಪಂಜರ’ ಬರುತ್ತದೆ. ಲೋಹದ ಜಾಲರಿಯಿಂದ ಸುತ್ತಿದರೆ ರೇಡಿಯೊ ಅಲೆ ಒಳಗೆ ಬರಲಾರದು. ಲೋಹದ ಡಬ್ಬಿಯಲ್ಲಿ ವೈಫೈ ಸತ್ತುಹೋಗುವುದು ಅದಕ್ಕೇ. ಜಾಲರಿಯ ಕಣ್ಣು ಅಲೆಯ ಉದ್ದಕ್ಕಿಂತ ಬಹಳ ಚಿಕ್ಕದಿದ್ದರೆ ಸಾಕು, ಗೋಡೆ ಪೂರ್ತಿ ಇರಬೇಕಿಲ್ಲ. ಪಂಜರ ಅನ್ನುವ ಪದ ಅಲ್ಲಿ ಎಷ್ಟು ಸೊಗಸಾಗಿ ಕೂತಿದೆ ನೋಡಿ, ಒಳಗೆ ಯಾವ ಹಕ್ಕಿಯೂ ಇಲ್ಲದೆ.

ಇನ್ನು ಪ್ರಾಣಿಗಳ ಅಧ್ಯಾಯ. ಇಲ್ಲಿ ಪದಕ್ಕೆ ಬರ ಇಲ್ಲ, ಬೇಕಾದ್ದಕ್ಕಿಂತ ಜಾಸ್ತಿಯೇ ಇವೆ. ದನಕ್ಕೆ ಕೊಟ್ಟಿಗೆ, ಕುದುರೆಗೆ ಲಾಯ, ಕುರಿಗೆ ರೊಪ್ಪ, ಕೋಳಿಗೆ ಗೂಡು, ಗಿಳಿಗೆ ಪಂಜರ, ಚಿರತೆಗೆ ಬೋನು, ಪುಂಡು ದನಕ್ಕೆ ದೊಡ್ಡಿ. ಹಟ್ಟಿ ಅಂದರೆ ಕೆಲವು ಕಡೆ ಕೊಟ್ಟಿಗೆ, ಕೆಲವು ಕಡೆ ಜನ ಇರುವ ಕೇರಿ. ಯಾವ ಪ್ರಾಣಿ ಅಂತ ಗೊತ್ತಾಗದೆ ಕನ್ನಡ ಬಾಯಿ ಬಿಡುವುದೇ ಇಲ್ಲ. ಹಾಗಾಗಿ ‘ಪ್ರಾಣಿ’ ಅಂತ ಒಟ್ಟಾಗಿ ಹೇಳಿದ ಕೂಡಲೇ ಪದ ಕೈಕೊಡುತ್ತದೆ.

ಒಂದು ಕಡೆ ‘ಮೊಲದ ಬೋನು’ ಅಂತ ಬರೆದಿದ್ದೆ. ಮನೆಯಲ್ಲಿ ಓದಿದವರು “ಮೊಲ ಸಾಕೋದಾ, ಹಿಡಿಯೋದಾ?” ಅಂತ ಕೇಳಿದರು. ಬೋನಿಗೆ ಬೀಳುವುದು ಉಂಟು, ಬೋನಿನಲ್ಲಿ ಬಾಳುವುದಿಲ್ಲ. ಮೂಲದಲ್ಲಿ ಮೊಲಕ್ಕೆ ಎರಡು ಭಾಗ ಹೇಳಿದ್ದಾರೆ, ಮಲಗಲು ಮುಚ್ಚಿದ ಭಾಗ, ಓಡಾಡಲು ತೆರೆದ ಭಾಗ. ಇದಕ್ಕೆ ‘ಗೂಡು’ ಮತ್ತು ‘ಅಂಗಳ’ ಅಂತ ಹಾಕಿದೆ. ಮೊಲಕ್ಕೂ ಅಂಗಳ ಸಿಕ್ಕಿತು! ಗೂಡಿನ ತಳಕ್ಕೆ ಬರೀ ತಂತಿಬಲೆ ಬೇಡ ಅಂತಲೂ ಇದೆ. ನಾಯಿ ಬೆಕ್ಕಿನ ಹಾಗೆ ಮೊಲದ ಪಾದಕ್ಕೆ ಮೆತ್ತೆ ಇಲ್ಲ, ಬರೀ ಕೂದಲು. ತಂತಿಯ ಮೇಲೆ ನಿಂತು ನಿಂತು ಹುಣ್ಣಾಗುತ್ತದೆ.

ಆಮೆಗೆ ‘ಗಾಜಿನ ತೊಟ್ಟಿ’ ಸಾಕಾಯಿತು. ತಮ್ಮ ಮೈಯ ಬಿಸಿಯನ್ನು ತಾವೇ ಕಾಯ್ದುಕೊಳ್ಳಲಾರದ ಜೀವಿಗಳಿಗೆ ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಂಪಾಗಿ ಇರಬೇಕು. ಅವನ್ನು ‘ಬಿಸಿಲ ಮಗ್ಗುಲು’, ‘ನೆರಳ ಮಗ್ಗುಲು’ ಅಂತ ಕರೆದಿದ್ದೇನೆ. ಗಿಳಿಗೆ ಪಂಜರವೇ, ಅದರಲ್ಲಿ ತಕರಾರಿಲ್ಲ. ಸತು ಲೇಪಿಸಿದ ತಂತಿಯನ್ನು ಗಿಳಿ ಕಚ್ಚಿ ಕಚ್ಚಿ ವಿಷವೇರಿಸಿಕೊಳ್ಳುತ್ತದೆ ಅನ್ನುವ ಎಚ್ಚರಿಕೆಯನ್ನು ಮಾತ್ರ ದಪ್ಪ ಅಕ್ಷರದಲ್ಲಿ ಹಾಕಬೇಕು.

ಕೊನೆಗೆ ನಮ್ಮ ‘ಆವರಣ’ಕ್ಕೂ ಒಂದು ಜಾಗ ಸಿಕ್ಕಿತು. 1907ರಲ್ಲಿ ಜರ್ಮನಿಯ ಪ್ರಾಣಿ ವ್ಯಾಪಾರಿ ಕಾರ್ಲ್ ಹಾಗನ್‌ಬೆಕ್ ಹ್ಯಾಂಬರ್ಗಿನ ಹತ್ತಿರ ಮೃಗಾಲಯ ತೆರೆದಾಗ ಸರಳುಗಳ ಬದಲು ಕಂದಕ ತೋಡಿಸಿ ಪ್ರಾಣಿಗಳನ್ನು ಬಯಲಲ್ಲಿ ಬಿಟ್ಟರು. ನೋಡುವವರಿಗೂ ಸಿಂಹಕ್ಕೂ ನಡುವೆ ಕಂಬಿಯೇ ಇಲ್ಲ. ಅಂಥದ್ದನ್ನು ಪಂಜರ ಅನ್ನಲಾಗದು, ಬೋನು ಅನ್ನಲಾಗದು. ಸುತ್ತ ತಡೆ, ಮೇಲೆ ಆಕಾಶ, ಮುಚ್ಚಳ ಇಲ್ಲ. ‘ಸಿಂಹದ ಆವರಣ’ ಸರಿಯಾಗಿ ಒಪ್ಪುತ್ತದೆ. ಪತ್ರಿಕೆಗಳು ಹೀಗೆ ಬರೆಯುವುದನ್ನು ನೋಡಿ ಮೊದಲು ಮೂಗು ಮುರಿದಿದ್ದೆ, ಈಗ ಹಿಂದಕ್ಕೆ ತೆಗೆದುಕೊಂಡೆ.

ಇಷ್ಟೆಲ್ಲ ಸುತ್ತಿದ ಮೇಲೆ ನನಗೆ ಅನ್ನಿಸಿದ್ದು, ನಾನು ನಾಮಪದ ಹುಡುಕುವ ಮೊದಲು ಕ್ರಿಯಾಪದ ಕೇಳಬೇಕಿತ್ತು. ದನವನ್ನು ಕೂಡಿಹಾಕುತ್ತೇವೆ, ಸಿಂಹವನ್ನು ಬಿಡುತ್ತೇವೆ, ಬೋರ್ಡನ್ನು ಮುಚ್ಚುತ್ತೇವೆ, ಸ್ಪೀಕರನ್ನು ಕೂರಿಸುತ್ತೇವೆ. ಕೂಡಿಹಾಕುವುದಕ್ಕೆ ದೊಡ್ಡಿ, ಬಿಡುವುದಕ್ಕೆ ಆವರಣ, ಮುಚ್ಚುವುದಕ್ಕೆ ಡಬ್ಬಿ, ಕೂರಿಸುವುದಕ್ಕೆ ಪೆಟ್ಟಿಗೆ. ಇದು ಎಲ್ಲ ಕಡೆ ನಡೆಯುವ ಸೂತ್ರ ಅಂತಲ್ಲ. ಮೀನಿಗೆ ‘ಬಿಡು’ ಅಂತೀವಿ, ಆದರೂ ಅದು ತೊಟ್ಟಿಯೇ.

ಈಗ ಎರಡು ಕಡೆ ಸಿಕ್ಕಿಕೊಂಡಿದ್ದೇನೆ. ಒಂದು, ಮೂರೂ ಅಧ್ಯಾಯ ಸೇರಿಸಿದ ಭಾಗಕ್ಕೆ ತಲೆಬರಹ. ‘ಪೆಟ್ಟಿಗೆ, ಡಬ್ಬಿ, ಗೂಡು’ ಅಂತ ಮೂರನ್ನೂ ಸಾಲಾಗಿ ಇಟ್ಟಿದ್ದೇನೆ. ಒಂದೇ ಪದ ಬೇಕೇ ಬೇಕು ಅನ್ನುವ ಹಟ ನನಗಿಲ್ಲ, ಪ್ರಕಾಶಕರಿಗೆ ಇದೆ.

ಇನ್ನೊಂದು, ಸ್ಪೀಕರ್ ಪೆಟ್ಟಿಗೆಯಲ್ಲಿ ಇರುವ ಆ ದುಂಡು ತೂತು, ಪೋರ್ಟ್. 1932ರಲ್ಲಿ ಅಮೆರಿಕದ ಆಲ್ಬರ್ಟ್ ಥುರಾಸ್ ಪೇಟೆಂಟ್ ಪಡೆದ ಉಪಾಯ. ಅದು ಬರೀ ತೂತಲ್ಲ, ಒಳಗೆ ಅಳತೆ ಮಾಡಿ ಇಟ್ಟ ಕೊಳವೆ ಇರುತ್ತದೆ. ಕೊಳವೆಯಲ್ಲಿರುವ ಗಾಳಿಯ ತುಣುಕು ಪೆಟ್ಟಿಗೆಯ ಗಾಳಿಯ ಮೇಲೆ ಹಿಂದೆ ಮುಂದೆ ಆಡಿ ತಗ್ಗುಸ್ವರವನ್ನು ಎತ್ತಿಕೊಡುತ್ತದೆ. ಖಾಲಿ ಬಾಟಲಿಯ ಬಾಯಿಗೆ ಅಡ್ಡ ಊದಿದರೆ ‘ಹೂಂ’ ಅನ್ನುತ್ತದಲ್ಲ, ಅದೇ ಆಟ. ‘ಗವಾಕ್ಷಿ’ ಅಂದರೆ ಸುಮ್ನೆ ಗಾಳಿಯಾಡಲು ಬಿಟ್ಟದ್ದು ಅನ್ನಿಸುತ್ತದೆ, ಅದನ್ನು ಬೋರ್ಡಿನ ಡಬ್ಬಿಗೆ ಇಟ್ಟುಕೊಂಡಿದ್ದೇನೆ. ‘ಗಾಳಿಗೊಳವೆ’ ಅಂದರೆ ಸೈಕಲ್ ಪಂಪು. ಕೊಡಕ್ಕೆ ‘ಕಂಠ’ ಅನ್ನುತ್ತೇವೆ, ಅದು ಕೆಲಸ ಮಾಡುವ ರೀತಿಗೂ ಹೊಂದುತ್ತದೆ. ಆದರೆ ‘ಪೆಟ್ಟಿಗೆಯ ಕಂಠ’ ಅಂತ ಬರೆದು ಒಂದು ವಾರ ಬಿಟ್ಟು ನೋಡಿದರೆ ನನಗೇ ನಗು ಬಂತು. ಪೆಟ್ಟಿಗೆ ಕಟ್ಟುವವರು, ರಿಪೇರಿ ಮಾಡುವವರು ಇದನ್ನು ನಿಮ್ಮ ಕಿವಿಗೆ ಬಿದ್ದಂತೆ ಏನು ಕರೆಯುತ್ತಾರೆ? ‘ಪೈಪು’ ಅಂತಲೇ ಆದರೂ ಪರವಾಗಿಲ್ಲ, ತಿಳಿಸಿ.