ಗಾಳಿಬೀಡು ಕಡೆ ಬಂಡೆ ಮೇಲಿನ ಮನೆ, ಅಂಗಳದಲ್ಲಿ ಹೂ ಬರಿಸುವುದು ಹೇಗೆ?

ಲೆಕ್ಕದ ಟೀಚರ್ (ಫೆಬ್ರವರಿ)

ಎಲ್ಲರಿಗೂ ನಮಸ್ಕಾರ. ಕೊಡಗಿನಲ್ಲಿ, ಮಡಿಕೇರಿ ಹತ್ತಿರದ ಗಾಳಿಬೀಡು ಕಡೆ ನಮ್ಮದೊಂದು ಪುಟ್ಟ ಮನೆ ಇದೆ. ಮನೆ ಅಂದರೆ ತೋಟದ ಆಳುಗಳಿಗೆ ಕಟ್ಟಿದ ಹಳೇ ಲೈನ್ ಮನೆ. ಎರಡು ಕೋಣೆ, ಒಂದು ಜಗಲಿ, ಮೇಲೆ ಶೀಟು. ಮೈಸೂರಿನಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ರಿಟೈರ್ ಆದೆ. ಈಗ ನಾನೂ ನಮ್ಮ ಯಜಮಾನರೂ ಹೆಚ್ಚಾಗಿ ಇಲ್ಲೇ ಇರುತ್ತೇವೆ. ತೋಟ ಭಾವನವರದು. ಅಂಗಳ ಮಾತ್ರ ನನ್ನದು.

ಆ ಅಂಗಳದ್ದೇ ಗೋಳು. 30 ಅಡಿ ಉದ್ದ, 20 ಅಡಿ ಅಗಲ. ಮಧ್ಯದಲ್ಲಿ ಮಲಗಿದ ಎಮ್ಮೆ ಬೆನ್ನಿನ ಹಾಗೆ ಬಂಡೆ ಎದ್ದಿದೆ. ಸುತ್ತ ಮಣ್ಣು ಇದ್ದ ಹಾಗೆ ಕಾಣುತ್ತದೆ, ಗುದ್ದಲಿ ಹಾಕಿದರೆ ಕಿಡಿ ಹಾರುತ್ತದೆ. ಹೋದ ಮೇ ತಿಂಗಳಲ್ಲಿ ಹುಮ್ಮಸ್ಸಿನಲ್ಲಿ ಇಬ್ಬರು ಆಳು ಹಿಡಿದು, ಮೂರು ದಿನ ಹಾರೆ ಹಾಕಿಸಿ ಹನ್ನೊಂದು ಗುಂಡಿ ತೆಗೆಸಿದೆ. ಕಾಡುಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ ಗುಲಾಬಿ ನೆಟ್ಟೆ. ರಸ್ತೆ ಬದಿಯ ನರ್ಸರಿಯವನು 'ಎಲ್ಲಿ ಹಾಕಿದರೂ ಬರುತ್ತೆ ಮೇಡಂ' ಅಂದಿದ್ದ.

ಜುಲೈ ಮುಗಿಯುವಾಗ ಒಂಬತ್ತು ಗಿಡ ಸತ್ತಿದ್ದವು. ಎಳೆದರೆ ಸಲೀಸಾಗಿ ಕೈಗೆ ಬಂದವು. ಬೇರು ಕಪ್ಪಗಾಗಿತ್ತು. ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿಯಿತು. ಚರಂಡಿ ವಾಸನೆ ಬೇರೆ. ಉಳಿದ ಎರಡು ಈಗ ಬಿಸಿಲಿಗೆ ಒಣಗುತ್ತಿವೆ. ಮಳೆಗಾಲದಲ್ಲಿ ಕೊಳೆಸುವ ನೆಲ ಬೇಸಿಗೆಯಲ್ಲಿ ಒಣಗಿಸುವುದು ಹೇಗೆ ಅನ್ನುವುದೇ ನನಗೆ ಅರ್ಥವಾಗುತ್ತಿಲ್ಲ.

ಇಂಟರ್‌ಲಾಕ್ ಹಾಕಿಸಿ ಸುಮ್ನೆ ನಾಲ್ಕು ಕುಂಡ ಇಡು ಅನ್ನುತ್ತಾರೆ ಯಜಮಾನರು. ನನಗೆ ಮನಸ್ಸಿಲ್ಲ. ಅತ್ತೆ ಇದ್ದಾಗ ಹಳೇ ಮನೆ ಅಂಗಳದಲ್ಲಿ ಊಟದ ತಟ್ಟೆಯಷ್ಟು ಅಗಲದ ಡೇರೆ ಹೂ ಬಿಡುತ್ತಿತ್ತು. ಅಂಥದ್ದು ನಾಲ್ಕು ಬಂದರೂ ಸಾಕು. ಬಂಡೆ ಒಡೆಸಲೇ? ಏನು ಮಾಡಲಿ?

ಬಾಲ್ಕನಿ ಬಾಯ್, ಬೆಂಗಳೂರು

ಮೇಡಂ, ಸಿಂಪಲ್. ಜೆಸಿಬಿ ಕರೆಸಿ ಲೆವೆಲ್ ಮಾಡಿಸಿ, ಎರಡು ಲೋಡ್ ಕೆಂಪುಮಣ್ಣು ಹೊಡೆಸಿ. ನಮ್ಮ ಸೈಟಲ್ಲಿ ಹಾಗೇ ಮಾಡಿದ್ದು. ಒಂದೇ ದಿನದ ಕೆಲಸ.

ಹೂಮಳೆ, ಶಾಂತಳ್ಳಿ

ತಮ್ಮಾ, ಬೇಜಾರು ಮಾಡ್ಕೋಬೇಡ. ನಿನ್ನ ಸೈಟು ಸಪಾಟು, ಇಲ್ಲಿರುವುದು ಬರೆ, ಅಂದರೆ ಕಡಿದಾದ ಇಳಿಜಾರು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿದ್ದನ್ನು ನೋಡಿದವರು ಬರೆ ಬುಡಕ್ಕೆ ಜೆಸಿಬಿ ಬಿಡಲು ಎರಡು ಸಲ ಯೋಚಿಸುತ್ತಾರೆ. ಇನ್ನು ಲೋಡ್ ಮಣ್ಣು. ಕೆಳಗೆ ನುಣ್ಣನೆ ಬಂಡೆ, ಮೇಲೆ ನೀರು ಕುಡಿದ ಸಡಿಲ ಮಣ್ಣು. ಅದು ಎಷ್ಟು ದಿನ ಕೂತಿರುತ್ತದೆ ಹೇಳು? ಜೂನ್ ಮುಗಿಯುವುದರೊಳಗೆ ಕೆಳಗಿನವರ ಗದ್ದೆ ಸೇರಿರುತ್ತದೆ.

ಟೀಚರೇ, ನಿಮ್ಮ ಗುಲಾಬಿ ಸತ್ತಿದ್ದು ಕಲ್ಲಿನಿಂದ ಅಲ್ಲ, ಗುಂಡಿಯಿಂದ. ಬಂಡೆಯಲ್ಲಿ ತೋಡಿದ ಗುಂಡಿ ಅಂದರೆ ಒರಳು. ಸುತ್ತಲಿನ ನೀರೆಲ್ಲ ಅದಕ್ಕೇ ಇಳಿಯುತ್ತದೆ, ಹೊರಗೆ ಹೋಗಲು ದಾರಿ ಇಲ್ಲ. ಮೂರು ತಿಂಗಳು ಬೇರು ನೀರಲ್ಲೇ ನಿಂತರೆ ಅದಕ್ಕೆ ಉಸಿರಿಲ್ಲ. ಮಳೆ ಬಿಟ್ಟ ಮೇಲೆ ಅದೇ ಗುಂಡಿಯಲ್ಲಿ ಇರುವುದು ಎರಡು ಬುಟ್ಟಿ ಮಣ್ಣು. ಕೆಳಗಿನಿಂದ ತೇವ ಏರುವುದಿಲ್ಲ, ಬೇರು ಮುಂದೆ ಹೋಗುವಂತಿಲ್ಲ. ಅದಕ್ಕೇ ಒಣಗುವುದು. ನಿಮ್ಮ ಎರಡು ಕಾಯಿಲೆಗೂ ಕಾರಣ ಒಂದೇ.

ಬಂಡೆ ಒಡೆಸಬೇಡಿ. ಮುರಿದ ಛತ್ರಿಯ ಕಂಬಿ ಒಂದು ಹುಡುಕಿ. ಕೊಡಗಿನಲ್ಲಿ ಅದಕ್ಕೇನು ಬರವಿಲ್ಲ. ಒಂದು ಮಳೆ ಬಿದ್ದು ನೆಲ ಮೆತ್ತಗಾದ ಮೇಲೆ ಅಡಿಗೊಂದು ಕಡೆ ಚುಚ್ಚುತ್ತಾ ಹೋಗಿ. ಟಣ್ ಅಂದಾಗ ಕಂಬಿಗೆ ಹೆಬ್ಬೆರಳಿಟ್ಟು ಹಿಡಿದು, ಹೊರಗೆಳೆದು ಅಳೆಯಿರಿ. ನಾಲ್ಕು ಇಂಚಿಗಿಂತ ಕಡಿಮೆ ಇದ್ದರೆ ಬೂದಿ ಉದುರಿಸಿ. ಒಂದಡಿಗಿಂತ ಜಾಸ್ತಿ ಇದ್ದರೆ ಗೂಟ ಹೊಡೆಯಿರಿ. ಲೆಕ್ಕದ ಟೀಚರ್ ಅಲ್ವಾ, ಗ್ರಾಫ್ ಹಾಳೆಯಲ್ಲೂ ಬರೆದಿಡಿ. ಬಂಡೆ ಎಲ್ಲಿ ಇಳಿಯುತ್ತದೆ, ಎಲ್ಲಿ ಏಳುತ್ತದೆ ಎಲ್ಲ ಗೊತ್ತಾಗುತ್ತದೆ.

ಗೂಟ ಇರುವಲ್ಲಿ ಹೈಡ್ರೇಂಜಿಯಾ, ದಾಸವಾಳದಂಥ ದೊಡ್ಡ ಗಿಡ. ಬೂದಿ ಇರುವಲ್ಲಿ ತೋಡಲೇಬೇಡಿ, ಮೇಲಕ್ಕೆ ಕಟ್ಟಿ. ಅಗೆದಾಗ ಸಿಕ್ಕ ಕಲ್ಲನ್ನೇ ಜೋಡಿಸಿ ಮೊಣಕಾಲೆತ್ತರದ ಕಟ್ಟೆ ಮಾಡಿ. ಸಿಮೆಂಟ್ ಬೇಡ, ಸಂದಿನಲ್ಲಿ ನೀರು ಸೋರಬೇಕು. ದೊಡ್ಡ ಕಲ್ಲು ತಳಕ್ಕೆ ಇರಲಿ. ಪ್ರತಿ ಕಲ್ಲೂ ಒಳಕ್ಕೆ, ಅಂದರೆ ಮಣ್ಣಿನ ಕಡೆಗೆ, ಸ್ವಲ್ಪ ವಾಲಿರಬೇಕು. ಒಳಗೆ ಎರಡು ಬುಟ್ಟಿ ಮಣ್ಣಿಗೆ ಒಂದು ಬುಟ್ಟಿ ಹಳೇ ಗೊಬ್ಬರ, ಒಂದು ಬುಟ್ಟಿ ದಪ್ಪ ಮರಳು. ಕಾಫಿ ಸಿಪ್ಪೆ ಹಾಕುವುದಾದರೆ ಒಂದು ವರ್ಷ ಕೊಳೆತದ್ದನ್ನೇ ಹಾಕಿ, ಹಸಿಯದ್ದು ಬಿಸಿಯಾಗಿ ಬೇರು ಸುಡುತ್ತದೆ. ಹಳೇ ಹನ್ನೊಂದು ಗುಂಡಿಯಲ್ಲಿ ಇಳಿಜಾರಿನ ಕಡೆಯ ತುಟಿ ಒಡೆಯಿರಿ, ನೀರು ಹೊರಗೆ ಹೋಗಲಿ. ಒಡೆಯಲಿಕ್ಕೆ ಆಗದ ಗುಂಡಿಗೆ ಜಲ್ಲಿ ತುಂಬಿ ಬಿಟ್ಟುಬಿಡಿ. ದೊಡ್ಡ ಬಂಡೆಯ ಬುಡ ಮಾತ್ರ ಕೆದಕಬೇಡಿ. ಅದು ಏನನ್ನು ಹಿಡಿದು ನಿಂತಿದೆಯೋ.

ಅತಿ ಬಿಸಿಲಿನ ಮೂಲೆಗೆ ಒಂದು ಕಾಗದದ ಹೂ ಹಾಕಿ. ಬಡ ನೆಲದಲ್ಲೇ ಅದಕ್ಕೆ ಹೂ ಜಾಸ್ತಿ. ಗೊಬ್ಬರ ಕೊಟ್ಟರೆ ಬರೀ ಎಲೆ.

2021ರ ಆಗಸ್ಟ್‌ನಲ್ಲಿ ಮಾಂದಲ್‌ಪಟ್ಟಿ ಗುಡ್ಡ ಕುರಿಂಜಿ ಹೂವಿನಿಂದ ನೀಲಿಯಾಗಿತ್ತಲ್ಲ, ಅಲ್ಲಿಗೆ ಯಾರೂ ಲೋಡ್ ಮಣ್ಣು ಹೊಡೆಸಿರಲಿಲ್ಲ.

ಬಾಲ್ಕನಿ ಬಾಯ್, ಬೆಂಗಳೂರು

ಅಂಕಲ್, ಒಪ್ಪಿದೆ. ಜೆಸಿಬಿ ವಾಪಸ್.

ಗೆಡ್ಡೆಗೆಣಸು, ವಿರಾಜಪೇಟೆ

ಅಕ್ಕಾ, ಮೇಲಿನವರು ಕಲ್ಲಿನ ವಿಷಯ ಎಲ್ಲ ಹೇಳಿದ್ದಾರೆ. ನಾನು ಗೆಡ್ಡೆ ವಿಷಯ ಹೇಳುತ್ತೇನೆ.

ಡೇರೆ ಗೆಡ್ಡೆ ಯಾರ ಹತ್ತಿರ ತೆಗೆದುಕೊಂಡರೂ ಕಣ್ಣು ಇದೆಯಾ ನೋಡಿ. ಆಲೂಗಡ್ಡೆಯ ಹಾಗೆ ಮೈತುಂಬ ಕಣ್ಣಿರುವುದಿಲ್ಲ. ಕಾಂಡಕ್ಕೆ ಅಂಟಿದ ಕುತ್ತಿಗೆಯಲ್ಲಿ ಮಾತ್ರ ಸಣ್ಣ ಗುಲಾಬಿ ಬಣ್ಣದ ಮೊಳಕೆ ಇರುತ್ತದೆ. ಕುತ್ತಿಗೆ ಮುರಿದ ಗೆಡ್ಡೆ ಎಷ್ಟು ದಪ್ಪ ಇದ್ದರೂ ಚಿಗುರುವುದಿಲ್ಲ. ನಾನು ಮೊದಲ ವರ್ಷ ಹಾಗೆ ಆರು ಗೆಡ್ಡೆ ಹೂತು ಎರಡು ತಿಂಗಳು ನೀರು ಹಾಕಿದ್ದೆ! ಏಪ್ರಿಲ್ ಕೊನೆಗೆ, ಎರಡು ಮಳೆ ಬಿದ್ದ ಮೇಲೆ ನೆಡಿ, ಕಟ್ಟೆ ಮೇಲೆಯೇ. ನೆಡುವಾಗಲೇ ಕೋಲು ಚುಚ್ಚಿ. ಆಮೇಲೆ ಚುಚ್ಚಿದರೆ ಗೆಡ್ಡೆಗೇ ಹೋಗುತ್ತದೆ. ಹೂ ಮುಗಿದು ಗಿಡ ಒಣಗಿದ ಮೇಲೆ ಕಿತ್ತು, ಬೂದಿಯಲ್ಲಿ ಹೊರಳಿಸಿ ಅಟ್ಟದ ಮೇಲಿಡಿ. ಚಿಗುರಿಗೆ ಬಸವನಹುಳು ಬರುತ್ತದೆ, ರಾತ್ರಿ ಟಾರ್ಚ್ ಹಿಡಿದು ಆರಿಸುವುದೇ ದಾರಿ. ಕಾಲಿಗೆ ಜಿಗಣೆ ಹತ್ತುವುದು ಫ್ರೀ.

ಎರಡನೆಯದು ತೋಕ್ ಪೂ. ನಿಮ್ಮ ಮೈಸೂರಿನವರು ಗೌರಿ ಹೂ ಅನ್ನುತ್ತಾರಲ್ಲ, ಬೆಂಕಿ ಹತ್ತಿಕೊಂಡ ಹಾಗೆ ಕೆಂಪು, ಹಳದಿ ಎಸಳು, ಅದು. ನಿಮ್ಮ ನೆಲಕ್ಕೆ ಹೇಳಿ ಮಾಡಿಸಿದ್ದು. ಬೇಸಿಗೆಯಲ್ಲಿ ಗೆಡ್ಡೆ ಮಣ್ಣಿನಡಿ ನಿದ್ದೆ ಮಾಡುತ್ತದೆ, ಮಳೆಗೆ ಏಳುತ್ತದೆ, ಎಲೆ ತುದಿಯ ಕೊಕ್ಕೆಯಿಂದ ಸಿಕ್ಕಿದ್ದನ್ನು ಹಿಡಿದು ಹತ್ತುತ್ತದೆ. ಆದರೆ ಇಡೀ ಗಿಡ ವಿಷ, ಗೆಡ್ಡೆಯಂತೂ ತೀರಾ ಅಪಾಯ. ಗೆಣಸಿನ ಪಕ್ಕ ಮಾತ್ರ ನೆಡಬೇಡಿ. ಮಕ್ಕಳು, ಹಸು ಬರುವ ಕಡೆಯೂ ಬೇಡ.

ಹೈಡ್ರೇಂಜಿಯಾ ಬಗ್ಗೆ ಒಂದು ಮಾತು. ಮಳೆಗೆ ಸುಣ್ಣದ ಅಂಶ ತೊಳೆದುಹೋಗಿ ನಮ್ಮ ಮಣ್ಣು ಹುಳಿ. ಹಾಗಾಗಿ ಹೂ ನೀಲಿ. ನಮ್ಮ ಮನೆಯಲ್ಲಿ ಸುಣ್ಣ ಬಳಿದ ಗೋಡೆ ಬುಡದ ಗಿಡ ಮಾತ್ರ ಗುಲಾಬಿ ಬಿಡುತ್ತದೆ. ಬಂದವರೆಲ್ಲ ಬೇರೆ ಜಾತಿ ಅಂತ ಅದರದ್ದೇ ಕಡ್ಡಿ ಕೇಳುತ್ತಾರೆ. ಕೊಡುತ್ತೇನೆ, ಅವರಲ್ಲಿ ನೀಲಿ ಬಿಡುತ್ತದೆ, ನನ್ನನ್ನು ಬೈಯುತ್ತಾರೆ.

ಲೆಕ್ಕದ ಟೀಚರ್ (ಅಕ್ಟೋಬರ್)

ತಡವಾಗಿ ಬರೆಯುತ್ತಿದ್ದೇನೆ. ಮಳೆಗಾಲದಲ್ಲಿ ಇಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ.

ಛತ್ರಿ ಕಂಬಿ ಹಿಡಿದು 600 ಕಡೆ ಚುಚ್ಚಿದೆ. ನಾಲ್ಕು ಇಂಚಿನೊಳಗೇ ಟಣ್ ಅಂದಿದ್ದು 431. ಒಂದಡಿ ದಾಟಿದ್ದು ಮೂರೇ ತುಂಡು ಜಾಗ. ಅದರಲ್ಲಿ ಅತಿ ಆಳದ್ದು, ಒಂದೂವರೆ ಅಡಿ ಕಪ್ಪು ಮಣ್ಣು, ಎಲ್ಲಿ ಸಿಕ್ಕಿತು ಗೊತ್ತಾ? ಯಜಮಾನರು ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ. ಗ್ರಾಫ್ ಹಾಳೆ ತೋರಿಸಿದೆ. 'ನಿನ್ನ ಲೆಕ್ಕ ತಪ್ಪಿರಬೇಕು' ಅಂದರು. ಕಂಬಿ ಕೊಟ್ಟು ನೀವೇ ಚುಚ್ಚಿ ನೋಡಿ ಅಂದೆ. ಈಗ ಸ್ಕೂಟರ್ ಎಮ್ಮೆ ಬೆನ್ನಿನ ಮೇಲೆ ನಿಲ್ಲುತ್ತದೆ. ಆ ಜಾಗದಲ್ಲಿ ಮೂರು ಹೈಡ್ರೇಂಜಿಯಾ ಕಡ್ಡಿ ಚಿಗುರಿವೆ. ಹೂ ಇನ್ನೂ ಇಲ್ಲ.

ಎರಡು ಕಟ್ಟೆ ಕಟ್ಟಿದೆವು. ಒಂದು ಗಟ್ಟಿಯಾಗಿದೆ. ಇನ್ನೊಂದು ಜುಲೈ ಮಳೆಯಲ್ಲಿ ಒಂದು ಬದಿ ಮಗುಚಿತು. ಹೋಗಿ ನೋಡಿದರೆ ಬಿದ್ದ ಬದಿಯ ಕಲ್ಲುಗಳನ್ನು ನಾನೇ ಚೆಂದ ಕಾಣಲಿ ಅಂತ ನೆಟ್ಟಗೆ ನಿಲ್ಲಿಸಿದ್ದೆ. ಒಳಕ್ಕೆ ವಾಲಿಸಿದ್ದು ಒಂದೂ ಅಲುಗಿಲ್ಲ.

ಡೇರೆ ಒಂಬತ್ತು ನೆಟ್ಟೆ. ನಾಲ್ಕು ಮುಳ್ಳುಹಂದಿ ಪಾಲು. ಬೆಳಿಗ್ಗೆ ಎದ್ದಾಗ ಗುಂಡಿ ಪಕ್ಕ ಒಂದು ಮುಳ್ಳು ಬಿದ್ದಿತ್ತು, ರಶೀದಿ ಬಿಟ್ಟುಹೋದ ಹಾಗೆ. ಉಳಿದ ಐದರಲ್ಲಿ ಮೂರು ಹೂ ಬಿಟ್ಟವು. ಒಂದು ಕಡು ಕೆಂಪು, ಅತ್ತೆಯ ಹೂವಿನಷ್ಟು ದೊಡ್ಡದಲ್ಲ. ತಟ್ಟೆ ಅಲ್ಲ, ಕಾಫಿ ಲೋಟದ ಸಾಸರ್ ಅನ್ನಬಹುದು. ಮಳೆನೀರು ತುಂಬಿ ಬಗ್ಗಿತ್ತು. ಕೋಲಿಗೆ ಕಟ್ಟುವಾಗ ಕೈಮೇಲೆಲ್ಲ ತಣ್ಣಗೆ ಸುರಿಯಿತು.

ತೋಕ್ ಪೂ ಬೇಲಿ ಹತ್ತಿತು. ಸೆಪ್ಟೆಂಬರ್ 3ಕ್ಕೆ, ಕೊಡವರು ಆಯುಧ ಪೂಜಿಸುವ ಕೈಲ್ ಪೊಳ್ದ್ ಹಬ್ಬದ ದಿನ ಬೆಳಿಗ್ಗೆ, ಪಕ್ಕದ ಐನ್‌ಮನೆಯ, ಅಂದರೆ ಕೊಡವ ಕುಟುಂಬದ ಮೂಲಮನೆಯ, ಹುಡುಗ ಕೋವಿಗೆ ಇಡಲು ಹೂ ಬೇಕು ಅಂತ ಬಂದ. ಬಿಟ್ಟಿದ್ದೇ ಎರಡು. ಎರಡೂ ಕೊಟ್ಟೆ. ಸಂಜೆ ಅಕ್ಕಿ ತರಿಯ ಉಂಡೆ, ಕಡಂಬಿಟ್ಟು, ಕಳಿಸಿದ್ದರು.

ಈಗ ಒಂದೇ ಯೋಚನೆ. ಜನವರಿಯಿಂದ ಕಾಫಿ ಹೂ ಅರಳಿಸುವ ಹೂಮಳೆ ಬರುವ ತನಕ ಆ ಕಟ್ಟೆಗಳು ಒಣಗುತ್ತವಲ್ಲ, ಅದಕ್ಕೇನು ಮಾಡಲಿ?

ಹೂಮಳೆ, ಶಾಂತಳ್ಳಿ

ನವೆಂಬರ್‌ನಲ್ಲಿ, ಮಣ್ಣಿನಲ್ಲಿ ತೇವ ಇರುವಾಗಲೇ, ನಾಲ್ಕು ಇಂಚು ದಪ್ಪಕ್ಕೆ ತರಗೆಲೆ ಹೊದಿಸಿ. ಒಣಗಿದ ಮೇಲೆ ಹೊದಿಸಿ ಉಪಯೋಗವಿಲ್ಲ. ಗಾಳಿಗೆ ಹಾರದ ಹಾಗೆ ಮೇಲೆ ಚಪ್ಪಟೆ ಕಲ್ಲು ಇಡಿ, ನಿಮ್ಮಲ್ಲಿ ಕಲ್ಲಿಗೇನು ಕಡಿಮೆ. ಪಾತ್ರೆ ತೊಳೆದ ನೀರು ಸಂಜೆ ಹೊತ್ತು ಹಾಕಿ. ಡೇರೆ ಗೆಡ್ಡೆ ಕಿತ್ತಿಟ್ಟ ಕಟ್ಟೆಗೆ ನೀರೇ ಬೇಡ.

ಮರ ಕಪಾತು ಮಾಡಿಸುವಾಗ ಬಿದ್ದ ಕೊಂಬೆಯಲ್ಲಿ ಸೀತಾಳೆ ದಂಡೆ, ಅಂದರೆ ಮರದ ಮೇಲೆ ಬೆಳೆಯುವ ಆರ್ಕಿಡ್, ಸಿಕ್ಕಿದೆ. ಬಂಡೆಯ ನೆರಳಿನ ಬದಿಗೆ ಕೊಂಬೆ ಸಮೇತ ಒರಗಿಸಿ ಕಟ್ಟಿ, ಮಣ್ಣು ಮುಟ್ಟಿಸಬೇಡಿ. ಶುಕ್ರವಾರ ಮಡಿಕೇರಿ ಸಂತೆಗೆ ಬರುತ್ತೇನೆ, ನೀವೂ ಬಂದರೆ ಕೊಡುತ್ತೇನೆ.

ಲೆಕ್ಕದ ಟೀಚರ್

ಬರುತ್ತೇನೆ. ಬಸ್ಸಿನಲ್ಲಿ. ಸ್ಕೂಟರ್ ವಿಷಯದಲ್ಲಿ ಯಜಮಾನರಿಗೆ ಇನ್ನೂ ಮುನಿಸಿದೆ.